ಹನ್ನೊಂದನೆಯ ಅಂಬು

ಬಿಲ್ಲು ನನ್ನ ಪಾಲಿಗೆ ಬಂದದ್ದು ಹಳೆಯ ಪರದೆಬಟ್ಟೆಯಲ್ಲಿ ಸುತ್ತಿಕೊಂಡು,
ಇಡ್ವಾಲ್ ಮಾವನ ಊರುಗೋಲು, ಕೆಟ್ಟ ರೇಡಿಯೊ,
ಅರ್ಧ ಡಬ್ಬಿ ಜೇನುಮೇಣದ ಜೊತೆ.
ಆರಡಿ ಯೂ ಮರ. ಹೊಟ್ಟೆ ಕೆಂಪುಗಂದು, ಬೆನ್ನು ಬೆಣ್ಣೆಬಿಳಿ.
ಹಿಡಿಯ ತೊಗಲಿನಲ್ಲಿ ಅವನ ಹೆಬ್ಬೆರಳು ಇನ್ನೂ ಇತ್ತು.
ನನ್ನದನ್ನು ಅಲ್ಲಿ ಊರಿದೆ,
ತಗ್ಗು ತುಂಬಲಿಲ್ಲ.

ಬತ್ತಳಿಕೆಯಲ್ಲಿ ಹನ್ನೊಂದು.
ಹತ್ತಕ್ಕೆ ಹಸಿರು ದಾರ, ಹೆಬ್ಬಾತಿನ ಗರಿ,
ಕಲ್ಲುಗಣಿಯ ಕೈ ಕಟ್ಟಿದ ಬಿಗಿ ಗಂಟು.
ಒಂದು ಮಾತ್ರ ಗಿಡ್ಡ, ಸಣಕಲು, ಕೆಂಪು ದಾರದ್ದು.
ಮುರಿದು ಮೊಟಕಾದದ್ದಿರಬೇಕೆಂದು
ಪಕ್ಕಕ್ಕಿಟ್ಟೆ.

ಒಂಬತ್ತು ವರ್ಷ ಹೆದೆ ಕಾಣದ ಬಿಲ್ಲು.
ದಿನಕ್ಕೆ ಇಷ್ಟಿಷ್ಟೇ ಎಳೆದು, ಬಿಟ್ಟು,
ಅಲ್ಲ, ಬಿಡದೆ, ಮೆಲ್ಲಗೆ ಇಳಿಸಿ
(ಬಾಣವಿಲ್ಲದೆ ಬಿಟ್ಟ ಹೆದೆ ಬಿಲ್ಲನ್ನೇ ಸೀಳುತ್ತದೆ),
ಒಲೆಯ ಮುಂದಿನ ಮುದಿನಾಯಿಯನ್ನು ಎಬ್ಬಿಸಿದ ಹಾಗೆ.
ಮೂರನೆಯ ವಾರ ಅದು ಗೊಣಗುವುದು ನಿಲ್ಲಿಸಿತು.

ಸಂಜೆ, ಊರಿನ ಅಂಚೆಯೆಲ್ಲ ಹಂಚಿ ಬಂದು,
ಇಳಿಜಾರಿನ ಹುಲ್ಲುಪೆಂಡಿಗೆ ಗುರಿಯಿಟ್ಟೆ.
ಎಡಕ್ಕೆ.
ಮತ್ತೆ ಎಡಕ್ಕೆ.
ಹತ್ತಕ್ಕೆ ಹತ್ತೂ ಎಡಕ್ಕೆ, ಮುಳ್ಳುಬೇಲಿಯ ಬುಡಕ್ಕೆ,
ಸತ್ತವನ ಮಾತು ಮೀರದ ಮಕ್ಕಳ ಹಾಗೆ.
ಮಂಜಿನಲ್ಲೂ ಮನೆ ತಪ್ಪದ ಕೈ ಇದು,
ಇಪ್ಪತ್ತು ವರ್ಷ ಯಾರ ಕಾಗದವೂ ಯಾರಿಗೋ ಹೋಗಿಲ್ಲ.
ಕುರಿಗಳು ಮೇಯುವುದು ಬಿಟ್ಟು ನೋಡಿದವು.

ರೇಯಡರ್ ಪೇಟೆಯಲ್ಲಿ, ಕಸಾಯಿಯಂಗಡಿಯ ಹಿಂದೆ
ಬಾಣ ಹೊಸೆಯುವ ಹಾವೆಲ್ ಪ್ರಾಸರನ ಶೆಡ್ಡು.
ಅವನು ಬಾಣಗಳನ್ನು ನೋಡಲೇ ಇಲ್ಲ; ನನ್ನ ತೋಳು ಅಳೆದ.
"ನಿಮ್ಮ ಮಾವನದು ಇಪ್ಪತ್ತೆಂಟು ಇಂಚಿನ ಎಳೆತ.
ನಿಮ್ಮದು ಇಪ್ಪತ್ತೈದೂವರೆ.
ಅವನಿಗೆ ಅರವತ್ತು ಪೌಂಡು ಕೊಟ್ಟ ಬಿಲ್ಲು
ನಿಮಗೆ ಐವತ್ತೆರಡಷ್ಟೇ ಕೊಡುತ್ತದೆ.
ಮೋಸವಲ್ಲ, ಲೆಕ್ಕ."

ಎರಡು ಮೊಳೆಗಳ ನಡುವೆ ಕಡ್ಡಿಯಿಟ್ಟು
ಸೊಂಟಕ್ಕೆ ತೂಕ ತೂಗಿಬಿಟ್ಟ.
ಬಾಗಿದಷ್ಟು ಮುಳ್ಳು ಸರಿಯಿತು.
"ಬಿಲ್ಲು ಬಾಗುವುದನ್ನು ಎಲ್ಲರೂ ಕಾಣುತ್ತಾರೆ.
ಅಂಬೂ ಬಾಗುತ್ತದೆ ತಾಯಿ,
ಹೆದೆ ಹಿಂದಿನಿಂದ ನೂಕಿದ ಕ್ಷಣ
ಬಿಲ್ಲಿನ ಮೈ ಬಳಸಿ, ಮೀನಿನಂತೆ ಬಳುಕಿ,
ಆಮೇಲಷ್ಟೇ ನೆಟ್ಟಗಾಗುತ್ತದೆ.
ಬಗ್ಗದ್ದು ಎಡಕ್ಕೆ ಬೀಳುತ್ತದೆ,
ತೀರಾ ಬಗ್ಗಿದ್ದು ಬಲಕ್ಕೆ."

ಆಶ್ ತೂಕದ್ದು, ಹಟದ್ದು: ಬೇಡ.
ಸೀಡರಿಗೆ ಹೊಸ ಪೆನ್ಸಿಲಿನ ವಾಸನೆ;
ಮೂಸುತ್ತ ನಿಂತೆ, ಶಾಲೆಯ ಮೊದಲ ದಿನದವಳಂತೆ.
ಕಲ್ಲಿಗೆ ತಾಗಿದರೆ ಲಟಕ್ಕನೆ ಮುರಿಯುತ್ತದೆಂದ.
ನಮ್ಮ ಗುಡ್ಡದಲ್ಲಿ ಕಲ್ಲಲ್ಲದ್ದು ಯಾವುದು?
ಕೊನೆಗೆ ಪಾಪ್ಲರ್. ಬಡಪಾಯಿ ಮರ, ಬಾಳಿಕೆಯ ಮರ.
ಆರು ಸಾಕು ಎಂದೆ.

ಕಟ್ಟು ಕಟ್ಟಿಕೊಡುವಾಗ ಅವನ ಕೈಗೆ
ಆ ಗಿಡ್ಡದ್ದು ಸಿಕ್ಕಿತು.
"ಇದು ಮುರಿದದ್ದಲ್ಲ."
ಮೊಳೆಗಳ ಮೇಲಿಟ್ಟ. ತೂಗಿಬಿಟ್ಟ.
ಮುಳ್ಳು ಬಂದು ನಿಂತಿತು
ಈಗ ತಾನೇ ನನಗೆಂದು ಗೆರೆ ಎಳೆದಿದ್ದ ಅಂಕೆಯ ಮೇಲೆ.
ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಪಕ್ಕದ ಗೋಡೆಯಾಚೆ ಯಾರೋ ಮೂಳೆ ಕಡಿಯುತ್ತಿದ್ದರು.

ಅಮ್ಮ ನಲ್ಲಿಯ ಕೆಳಗೆ ಲೀಕಿನ ದಂಟು ತೊಳೆಯುತ್ತಿದ್ದಳು.
ಅಣ್ಣನ ಬಿಲ್ಲನ್ನು ಬಾಗಿಲ ಹಿಂದಿನಿಂದ
ಒಂದು ಸಲವೂ ಸರಿಸಿದ್ದು ನಾನು ಕಂಡವಳಲ್ಲ;
ಧೂಳು ಹೊಡೆಯುವಾಗಲೂ ಸುತ್ತಿ ಹೋಗುವವಳು.
ಮೇಜಿನ ಮೇಲೆ ಕೆಂಪು ದಾರದ್ದನ್ನು ಇಟ್ಟೆ.
ಏನೂ ಕೇಳಲಿಲ್ಲ.

ಒದ್ದೆ ಕೈಯಲ್ಲೇ ಎತ್ತಿಕೊಂಡಳು.
ಹೆಬ್ಬೆರಳಿಗೆ ಎಂಜಲು ಹಚ್ಚಿ
ಕೆದರಿದ ಗರಿಯನ್ನು ಒಂದೇ ಸವರಿಗೆ ಕೂರಿಸಿದಳು,
ತಲೆ ಬಾಚದೆ ಹೊರಟ ಮಗುವಿಗೆ ಮಾಡುವ ಹಾಗೆ,
ಕಣ್ಣೆದುರು ಹಿಡಿದು, ಒಂದು ಕಣ್ಣು ಮುಚ್ಚಿ,
ಸುತ್ತು ತಿರುಗಿಸಿ ನೇರ ನೋಡಿದಳು.
"ಬೇಲಿಯಾಚೆ ಇನ್ನೂ ಐದಿರಬೇಕು" ಎಂದಳು.
"ಆವತ್ತು ಗಾಳಿ ಜೋರಿತ್ತು."
ಮತ್ತೆ ನಲ್ಲಿಯತ್ತ ತಿರುಗಿದಳು.

ಹಾವೆಲ್‌ಗೆ ಆರು ಎಂದಷ್ಟೇ ಹೇಳಿದ್ದೆ.
ದಾರದ ಬಣ್ಣ ಹೇಳಿರಲಿಲ್ಲ.